ತಗಡಿನ ಗುಡಿಯೊಳಗಿನ ದೇವರು

ಓದುಗರ ಪತ್ರ: ಮಗಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋದಾಗ ಅಥರ್ಟನ್ ಊರಿನ ಚೀನೀ ದೇವಸ್ಥಾನವನ್ನು ನೋಡಿದೆ. ಬಾಗಿಲು ಹಾಕಿತ್ತು. ಹೊರಗಿನಿಂದ ಗೋದಾಮಿನಂತಿದೆ. ವಲಸೆ ಬಂದ ರೈತ ಕುಟುಂಬಗಳು ಕಟ್ಟಿದ್ದಂತೆ. ಬುದ್ಧನಿಗೆ ತಗಡಿನ ಗುಡಿಯೇ? ಸುತ್ತ ಒಂದು ಚೀನೀ ಮನೆಯೂ ಇಲ್ಲವೇಕೆ?

ಸಂಪಾದಕರ ಉತ್ತರ: ಒಳಗಿರುವವನು ಬುದ್ಧನಲ್ಲ, ಹೌ ವಾಂಗ್. ಅದು ಹೆಸರಲ್ಲ, ಬಿರುದು. ಸೋಂಗ್ ವಂಶದ ಕೊನೆಯ ಬಾಲರಾಜ ದಕ್ಷಿಣಕ್ಕೆ ಓಡಿಬಂದಾಗ ಅವನ ಬೆಂಗಾವಲಿಗಿದ್ದ ಸೇನಾನಿ ಸತ್ತ ಮೇಲೆ ದೇವರಾದ ಎಂಬುದು ಪ್ರತೀತಿ. ಹಾಂಗ್‌ಕಾಂಗಿನ ಕೌಲೂನಿನಲ್ಲೂ ಅವನ ಗುಡಿಯಿದೆ. ನೆಲೆ ತಪ್ಪಿದವರ ಜೊತೆಗೆ ನಿಂತ ಈ ದೇವರನ್ನು ಊರು ಬಿಟ್ಟು ಬಂದವರು ನೆಚ್ಚಿಕೊಂಡದ್ದು ನನಗೇನೂ ಸೋಜಿಗವಲ್ಲ.

‘ಕುಟುಂಬಗಳು’ ಎಂದಿದ್ದೀರಿ. ಸಂಸಾರವಂದಿಗರೂ ಇದ್ದರು; ಆದರೆ ಬಂದವರಲ್ಲಿ ಹೆಚ್ಚಿನವರು ಒಂಟಿ ಗಂಡಸರು. ಬಿಳಿಯರ ಹೆಸರಿನಲ್ಲಿದ್ದ ಕಾಡನ್ನು ಗೇಣಿಗೆ ಹಿಡಿದು, ಮರ ಕಡಿದು, ಬೊಡ್ಡೆಗಳ ನಡುವೆಯೇ ಮೆಕ್ಕೆಜೋಳ ಬಿತ್ತಿದರು. ಕಾಡು ಹೊಲವಾಯಿತು, ಹೊಲ ಮಾತ್ರ ಅವರದಾಗಲಿಲ್ಲ. 1901ರಲ್ಲಿ ಏಷ್ಯಾದವರ ವಲಸೆಗೆ ಅಡ್ಡಗಾಲು ಹಾಕುವ ಕಾಯ್ದೆ ಬಂತು. ಅದಾದ ಎರಡೇ ವರ್ಷಕ್ಕೆ, 1903ರಲ್ಲಿ, ಇವರು ಗುಡಿ ಕಟ್ಟಿದರು! ಎದೆಗಾರಿಕೆ ಎಂದರೆ ಅದು.

ಇನ್ನು ತಗಡಿನ ಮಾತು. ಆ ಸೀಮೆಯಲ್ಲಿ ಸುಕ್ಕುತಗಡು ಎಲ್ಲರ ಮನೆಯ ಸಾಮಗ್ರಿ, ಅದರಲ್ಲಿ ಕೀಳೇನಿಲ್ಲ. ನೀವು ಬಾಗಿಲಿನಿಂದಲೇ ಹಿಂದಿರುಗಿದ್ದೇ ತಪ್ಪಾಯಿತು. ಒಳಗೋಡೆಗೆ ಆ ಕಾಡಿನದೇ ಕೆಂಪು ಸೀಡರ್ ಹಲಗೆ. ಅದರ ಮೇಲೆ ಚೀನಾದಿಂದ ಹಡಗಿನಲ್ಲಿ ತರಿಸಿದ ಕೆತ್ತನೆ. ಗೇಣಿದಾರನ ಕೈಯಲ್ಲಿ ದುಡ್ಡು ಓಡಾಡಿದಾಗ ಅದು ಎಲ್ಲಿಗೆ ಹೋಯಿತೆಂದು ತಿಳಿಯಲು ಆ ಹಲಗೆಗಳನ್ನು ನೋಡಬೇಕು.

ಮನೆಗಳು ಏಕಿಲ್ಲವೆಂದರೆ, ಮೊದಲ ಮಹಾಯುದ್ಧ ಮುಗಿಯುತ್ತಲೇ ಹಿಂದಿರುಗಿದ ಸೈನಿಕರಿಗೆ ಸರ್ಕಾರ ಜಮೀನು ಹಂಚಿತು. ಚೀನೀಯರ ಗೇಣಿ ತಪ್ಪಿತು. ಹೊಲ ಹೋದ ಮೇಲೆ ಅಂಗಡಿ ಯಾರಿಗೆ, ಅಡುಗೆಮನೆ ಯಾರಿಗೆ? ಕೇರಿಯೇ ಚದುರಿತು. ಉಳಿದುಕೊಂಡ ಫಾಂಗ್ ಆನ್ ಮನೆತನದವರು ಗುಡಿಯನ್ನು ಬಹುಕಾಲ ಕಾಪಾಡಿ, ಕೊನೆಗೆ ಪರಂಪರೆಯ ಕಟ್ಟಡಗಳನ್ನು ನೋಡಿಕೊಳ್ಳುವ ಕ್ವೀನ್ಸ್‌ಲ್ಯಾಂಡ್ ನ್ಯಾಷನಲ್ ಟ್ರಸ್ಟ್‌ಗೆ ದಾನ ಕೊಟ್ಟರು.

ಮತ್ತೊಮ್ಮೆ ಮಗಳ ಮನೆಗೆ ಹೋದರೆ ಬಾಗಿಲು ತೆರೆಯುವ ಹೊತ್ತನ್ನು ವಿಚಾರಿಸಿಕೊಂಡೇ ಹೊರಡಿ. ಈ ಸಲ ಒಳಗಿನ ಫೋಟೋ ಕಳುಹಿಸಿ, ಅಚ್ಚು ಹಾಕುತ್ತೇವೆ.