ಕಪ್ಪು ಗಂಟಲೊಂದನ್ನೇ ನೋಡಿ ರಾಟವಾಳವನ್ನು ಗುರುತಿಸಬೇಡಿ

ನಮಸ್ಕಾರ. ಮಡಿಕೇರಿ ಸಮೀಪದ ಕಾಫಿ ತೋಟದ ಅಂಚಿನಲ್ಲಿ ಹುಲ್ಲಿನ ಬೀಜ ತಿನ್ನುತ್ತಿದ್ದ ರಾಟವಾಳಗಳೆಂಬ ಪುಟ್ಟ ಹಕ್ಕಿಗಳ ಮೂರು ಚಿತ್ರಗಳನ್ನು ಹಾಕಿ, ಗಂಟಲು ಕಪ್ಪಗಿರುವುದರಿಂದ ಇವು ಬ್ಲ್ಯಾಕ್‌ಥ್ರೋಟೆಡ್ ಮುನಿಯಾ, ಅಂದರೆ ಕಪ್ಪು ಗಂಟಲಿನ ರಾಟವಾಳಗಳೇ ಎಂದು ಕೇಳಿದ್ದೀರಿ. ಗಂಟಲನ್ನು ನಂಬಿ ತೀರ್ಮಾನಿಸುವಂತಿಲ್ಲ. ವೈಟ್‌ರಂಪ್ಡ್ ಮುನಿಯಾ ಎನ್ನುವ ಬಿಳಿ ಸೊಂಟದ ರಾಟವಾಳಕ್ಕೂ ಮುಖ ಮತ್ತು ಗಂಟಲು ಕಪ್ಪೇ.

ಆ ಕಪ್ಪು ಎಲ್ಲಿ ಮುಗಿಯುತ್ತದೆ, ಅದರ ಕೆಳಗೆ ಯಾವ ಬಣ್ಣವಿದೆ ಎಂಬುದನ್ನು ನೋಡಿ. ಬಿಳಿ ಸೊಂಟದ ಹಕ್ಕಿಯಲ್ಲಿ ಕಪ್ಪುಗಂದು ಬಣ್ಣ ಎದೆಯನ್ನೂ ತುಂಬಿ, ಗೆರೆ ಎಳೆದಂತೆ ನಿಂತು, ಅಲ್ಲಿಂದ ಕೆನೆಬಿಳಿಯ ಹೊಟ್ಟೆ ಶುರುವಾಗುತ್ತದೆ. ನಮ್ಮ ಘಟ್ಟದ ಕಪ್ಪು ಗಂಟಲಿನ ಹಕ್ಕಿಗೆ ಬಿಳಿ ಹೊಟ್ಟೆಯಿಲ್ಲ. ಕಪ್ಪಿನ ಕೆಳಗೆ ನಸುಗೆಂಪು ಬೆರೆತ ಕಂದು ಬಣ್ಣವಿರುತ್ತದೆ. ನಿಮ್ಮ ಎರಡನೆಯ ಚಿತ್ರದಲ್ಲಿ ತೆನೆಗೆ ಅಡ್ಡಲಾಗಿ ಜೋತುಬಿದ್ದ ಹಕ್ಕಿಯ ಹೊಟ್ಟೆ ಸ್ಪಷ್ಟವಾಗಿ ಬೆಳ್ಳಗಿದೆ, ಆದ್ದರಿಂದ ಅದು ಬಿಳಿ ಸೊಂಟದ ರಾಟವಾಳ ಎಂದು ಧೈರ್ಯವಾಗಿ ಹೇಳಬಹುದು. ಸಂಜೆಯ ಹೊಂಬಿಸಿಲಿನಲ್ಲಿ ಮಾತ್ರ ಬಿಳಿ ಹೊಟ್ಟೆಯೂ ಕಂದಾಗಿ ತೋರುವುದರಿಂದ ಎಚ್ಚರ ಬೇಕು.

ಹೋಲಿಕೆಗೆಂದು ಅಂತರ್ಜಾಲದ ಚಿತ್ರಗಳನ್ನು ನೋಡುವಾಗ ಅವು ಎಲ್ಲಿಯವೆಂದು ತಪ್ಪದೆ ಗಮನಿಸಿ. ಕಪ್ಪು ಗಂಟಲಿನ ರಾಟವಾಳದ (ವೈಜ್ಞಾನಿಕ ಹೆಸರು ಲೋಂಚುರಾ ಕೆಲಾರ್ಟಿ, 1863ರಲ್ಲಿ ಪಕ್ಷಿತಜ್ಞ ಜೆರ್ಡನ್ ಕೊಟ್ಟದ್ದು) ಶ್ರೀಲಂಕಾದ ಉಪಜಾತಿಗೆ ಹೊಟ್ಟೆಯ ಮೇಲೆ ಕಪ್ಪು ಬಿಳುಪಿನ ಚಿತ್ತಾರವಿದೆ, ನಮ್ಮದಕ್ಕೆ ಅದಿಲ್ಲ. ಹಾಗೆಯೇ ಹಿಮಾಲಯದ ತಪ್ಪಲಿನ ಬಿಳಿ ಸೊಂಟದ ಹಕ್ಕಿಯ ಹೊಟ್ಟೆ ಮಾಸಲಾಗಿ, ಸಣ್ಣ ಗೀರುಗಳಿಂದ ಕೂಡಿರುತ್ತದೆ. ಈ ಎರಡು ಚಿತ್ರಗಳನ್ನು ಮುಂದಿಟ್ಟುಕೊಂಡು ಕೊಡಗಿನ ಹಕ್ಕಿಯನ್ನು ಗುರುತಿಸಲು ಹೊರಟರೆ ಗೊಂದಲ ಹೆಚ್ಚುತ್ತದೆ.

ಎತ್ತರದ ಪ್ರದೇಶವೆಂಬ ಕಾರಣವೂ ಸಾಲದು. ಕಪ್ಪು ಗಂಟಲಿನದು ಹೆಚ್ಚಾಗಿ ಬೆಟ್ಟದ ಹಕ್ಕಿಯೇ ಹೌದು, ಆದರೆ ಬಿಳಿ ಸೊಂಟದ್ದು ಕರಾವಳಿಯ ಗದ್ದೆಯಿಂದ ಕಾಫಿ ತೋಟದವರೆಗೆ ಎಲ್ಲೆಡೆ ಇರುವುದರಿಂದ ನಿಮ್ಮ ಊರಿನಲ್ಲಿ ಎರಡೂ ಸಿಗುತ್ತವೆ. ಗಂಡು ಹೆಣ್ಣುಗಳ ಬಣ್ಣ ಒಂದೇ ಆದ್ದರಿಂದ ಅದರ ಚಿಂತೆ ಬೇಡ.

ಮೂರನೆಯ ಚಿತ್ರದಲ್ಲಿ ಹಕ್ಕಿ ಬೆನ್ನು ತಿರುಗಿಸಿದ್ದರೂ ಮಡಿಸಿದ ರೆಕ್ಕೆಗಳು ಸೊಂಟವನ್ನು ಮುಚ್ಚಿವೆ, ಅದನ್ನು ಹೆಸರಿಸದೆ ಬಿಡುವುದೇ ಸರಿ. ಗುಂಪು ಮತ್ತೆ ಬಂದರೆ ಶಟರ್ ವೇಗವನ್ನು 1/2000 ಸೆಕೆಂಡಿಗೆ ಇಟ್ಟುಕೊಂಡು, ಅವು ತಾವಾಗಿ ಹಾರುವವರೆಗೆ ಕಾದು ಹಿಂದಿನಿಂದ ಚಿತ್ರ ತೆಗೆಯಿರಿ. ಬೆನ್ನಿಗೂ ಕಪ್ಪು ಬಾಲಕ್ಕೂ ನಡುವೆ ಬಿಳಿ ಪಟ್ಟಿ ಕಂಡರೆ ಬಿಳಿ ಸೊಂಟದ್ದು. ಅಲ್ಲಿಯೂ ಕಂದು ಬಣ್ಣವೇ ಮುಂದುವರಿದಿದ್ದರೆ, ಹೊಟ್ಟೆಯ ಚಿತ್ರವನ್ನೂ ಜೊತೆಗಿಟ್ಟು ಇಲ್ಲಿ ಹಾಕಿ.