ಅಲಾಯಿ ಪದಕ್ಕೆ ಯಾವ ಪುಟ?

"ಭಾರತೀಯ ಸಾಹಿತ್ಯದ ವಿಶೇಷಾಂಕ ಅಂತೀರಿ, ಟ್ಯಾಗೋರ್, ಪ್ರೇಮಚಂದ್ ಜೊತೆ ಮೊಹರಂ ಹಾಡು ತಂದು ಹಾಕಿದ್ದೀರಿ. ಕತೆ ಇರಾಕಿನ ಕರ್ಬಲಾದ್ದು. ಭಾಷೆ ಶುದ್ಧ ಕನ್ನಡವಲ್ಲ. ಹಾಡೋರಿಗೆ ಓದು ಬರಹ ಇಲ್ಲ. ಸಂಪಾದಕರಿಗೆ ಒಂದು ಜವಾಬ್ದಾರಿ ಬೇಡವೇ? ನಮ್ಮೂರಲ್ಲೂ ಹಾಡುತ್ತಾರೆ, ಅದನ್ನು ಯಾರೂ ಸಾಹಿತ್ಯ ಅಂತ ಕರೆದಿಲ್ಲ. ನನ್ನದು ಇಷ್ಟೇ ತಕರಾರು."
– ಒಬ್ಬ ಶಿಕ್ಷಕರು, ಯಾದಗಿರಿ ಜಿಲ್ಲೆ

ಮಾಸ್ತರರೇ, ನಮಸ್ಕಾರ.

ಬೈದರೂ ಚೆನ್ನಾಗಿ ಬೈದಿದ್ದೀರಿ. ಶುದ್ಧ ಕನ್ನಡದ ಮಾತು ಮೊದಲು ಮುಗಿಸಿಬಿಡೋಣ. ನಿಮ್ಮ ಪತ್ರದಲ್ಲೇ 'ಜವಾಬ್ದಾರಿ' ಇದೆ, 'ತಕರಾರು' ಇದೆ. ಎರಡೂ ಪಾರಸಿ, ಅರಬ್ಬಿ ಕಡೆಯಿಂದ ಬಂದವು. ಅವನ್ನು ತೆಗೆದರೆ ನನ್ನನ್ನು ಬೈಯೋದೇ ಕಷ್ಟವಾಗುತ್ತಿತ್ತು, ಅಲ್ವಾ?

ಕರ್ಬಲಾದ ಮಾತಿಗೆ ಬರುತ್ತೇನೆ. ಮೊಹರಂ ಹಾಡಿಗೆ ನಮ್ಮ ಕಡೆ ಅಲಾಯಿ ಪದ ಅಂತೀವಿ. ನಾನು ಆಳಂದ ಕಡೆಯವನು. ನಮ್ಮೂರಲ್ಲಿ ಆಗ ಒಂದೂ ಮುಸಲ್ಮಾನರ ಮನೆ ಇರಲಿಲ್ಲ. ಪಕ್ಕದ ಊರಿಂದ ಮುಲ್ಲಾನನ್ನು ಕರೆಸಿ ಪೀರು, ಅಂದರೆ ಮೊಹರಂನ ಪಂಜಾ, ಕೂಡಿಸುತ್ತಿದ್ದರು. ನಮ್ಮಜ್ಜ ಕೊರಳಿಗೆ ಹರಕೆಯ ದಾರ, ಲಾಡಿ, ಹಾಕಿಕೊಂಡು ಫಕೀರನಾಗುತ್ತಿದ್ದ. ಅವ್ವ ಚೋಂಗೆ ಅನ್ನೋ ಸಿಹಿ ರೊಟ್ಟಿ ಮಾಡುತ್ತಿದ್ದಳು. ಖತಲ್ ರಾತ್ರಿ ಅಂದರೆ ಕೊಲೆಯ ರಾತ್ರಿ. ನಮ್ಮ ಬಾಯಲ್ಲಿ ಅದು 'ಕತ್ತಲ ರಾತ್ರಿ' ಆಗಿತ್ತು. ಅರ್ಥ ಕೆಟ್ಟಿತು ಅಂತ ನನಗೆ ಯಾವತ್ತೂ ಅನಿಸಿಲ್ಲ.

ಆ ರಾತ್ರಿ ಬೆಂಕಿ ಉರಿಯುವ ಅಲಾಯಿ ಕುಣಿಯ ಸುತ್ತ ಹಲಗೆ ಬಡಿಯುತ್ತಾ, ಕರ್ಬಲಾ ಯುದ್ಧದಲ್ಲಿ ಮಡಿದ ಹುಡುಗ ಖಾಸೀಮನ ಮದುವೆ ಹಾಡುತ್ತಿದ್ದರು. ನಾಳೆ ಯುದ್ಧ, ಇವತ್ತು ಮದುವೆ. ಹಾಡಿನಲ್ಲಿ ಹಂದರ ಹಾಕುತ್ತಾರೆ. ಸುರಗಿ ನೂಲು ಸುತ್ತುತ್ತಾರೆ, ಮದುಮಗನಿಗೆ ಅರಿಶಿಣ ಹಚ್ಚುತ್ತಾರೆ, ಬಾಸಿಂಗ ಕಟ್ಟುತ್ತಾರೆ. ಹಂದರದ ಎಲೆ ಬಾಡುವ ಮೊದಲೇ ಅವನ ಕುದುರೆ ಒಂದೇ ವಾಪಸ್ ಬರುತ್ತದೆ. ಅಲ್ಲಿಗೆ ಬಂದಾಗ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇರಾಕಿನಲ್ಲಿ ಸುರಗಿ ಸುತ್ತುತ್ತಾರಾ? ಆ ಮದುವೆ ಆಗಿದ್ದು ನಮ್ಮ ಅಂಗಳದಲ್ಲೇ.

ಕತೆ ನಡೆದ ಜಾಗ ನೋಡಿ ಸಾಹಿತ್ಯದ ದೇಶ ಹೇಳೋಕಾಗಲ್ಲ. ಅಯೋಧ್ಯೆಯೂ ಯಾದಗಿರಿ ತಾಲೂಕಿನಲ್ಲಿಲ್ಲ. ಹತ್ತನೇ ಶತಮಾನದಲ್ಲಿ ಪಂಪ ಏನು ಮಾಡಿದ? ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಮಾಡಿದ, ಆ ಅರ್ಜುನನ ಬಾಯಲ್ಲಿ ಬನವಾಸಿಯನ್ನು ನೆನೆಸಿದ. ನಮ್ಮೂರ ಹಾಡುಗಾರ ಖಾಸೀಮನಿಗೆ ಬಾಸಿಂಗ ಕಟ್ಟಿದ್ದೂ ಅದೇ ಕೆಲಸ. ಪಂಪನಿಗೆ ರಾಜನ ಆಸರೆ ಇತ್ತು, ಇವನಿಗೆ ಒಂದು ಹಲಗೆ.

ಓದು ಬರಹ ಇಲ್ಲದವರು ಅಂದಿರಿ. ಕಾಗಿಣಾ ದಂಡೆಯ ಮಳಖೇಡ ನಿಮಗೇನೂ ದೂರವಿಲ್ಲ. ಸುಮಾರು 850ರಲ್ಲಿ ಅಲ್ಲಿನ ರಾಷ್ಟ್ರಕೂಟರ ಆಸ್ಥಾನದಲ್ಲೇ 'ಕವಿರಾಜಮಾರ್ಗ' ಹುಟ್ಟಿತು. ನಿಮ್ಮಂಥ ಮಾಸ್ತರರಿಗೆ ಈ ಸಾಲು ಬಾಯಿಪಾಠವೇ ಇರುತ್ತದೆ: "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್." ಓದದೆಯೂ ಕಾವ್ಯ ಕಟ್ಟಬಲ್ಲ ಜಾಣರು ಅಂತ. ಪರೀಕ್ಷೆಗೆ ಅದರ ಅರ್ಥ ಬರೆಸುತ್ತೇವೆ. ಓದದೆಯೇ ಪದ ಕಟ್ಟೋರು ಎದುರಿಗೆ ಬಂದು ನಿಂತರೆ ಮಾತ್ರ 'ಹಳ್ಳಿ ಹಾಡು' ಅಂತೀವಿ.

ದೇಶದ ಮಾತಿಗೂ ಬರಲೇಬೇಕು. ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಕಡೆಗೆ ಸ್ವಾತಂತ್ರ್ಯ 1947ರಲ್ಲಿ ಬರಲಿಲ್ಲ, 1948ರ ಸೆಪ್ಟೆಂಬರ್ 17ರಂದು ಬಂತು. ಅಲ್ಲಿಯವರೆಗೆ ಕಚೇರಿ ಉರ್ದುವಿನದು. ಅಜ್ಜನ ಹೊಲದ ಕಾಗದ ಉರ್ದುವಿನಲ್ಲಿದೆ, ಈಗ ಮನೆಯಲ್ಲಿ ಓದೋರಿಲ್ಲ. ಅದೇ ಅಜ್ಜ ಭಜನೆಯಲ್ಲಿ ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದ ಹಾಡುತ್ತಿದ್ದ, ಅವರ ಶಿಷ್ಯ ಚೆನ್ನೂರ ಜಲಾಲಸಾಬರದ್ದೂ ಹಾಡುತ್ತಿದ್ದ. ಅವನು ಭಾರತೀಯನಾಗಿದ್ದು ಇವ್ಯಾವನ್ನೂ ಕಳಚಿಟ್ಟು ಅಲ್ಲ. ಇವನ್ನೆಲ್ಲ ಹೊತ್ತುಕೊಂಡೇ ಆ ಸೆಪ್ಟೆಂಬರ್ ದಾಟಿದ. ಹಲವು ಭಾಷೆಗಳಲ್ಲಿ ಬರೆದರೂ ಭಾರತೀಯ ಸಾಹಿತ್ಯ ಒಂದೇ ಅನ್ನುತ್ತದೆ 1954ರಲ್ಲಿ ಶುರುವಾದ ಸಾಹಿತ್ಯ ಅಕಾಡೆಮಿಯ ಘೋಷವಾಕ್ಯ. ಒಳ್ಳೆ ಮಾತೇ. ಆ 'ಬರೆದರೂ' ಮಾತ್ರ ನನ್ನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಾಡಿದ್ದು ಎಲ್ಲಿ ಹೋಗಬೇಕು?

ತಪ್ಪು ನಮ್ಮದೂ ಇದೆ. ಆ ಅಲಾಯಿ ಪದವನ್ನು ಕೊನೇ ಪುಟಕ್ಕೆ ತಳ್ಳಿ, ಮೇಲೆ ಸುಮ್ನೆ 'ಜಾನಪದ' ಅಂತ ಚೀಟಿ ಅಂಟಿಸಿದೆವು. ಹಾಡಿದವರ ಹೆಸರೂ ಹಾಕಲಿಲ್ಲ. ಟ್ಯಾಗೋರರಿಗೆ ಹಾಗೆ ಮಾಡುತ್ತಿದ್ದೆವಾ?

ನಿಮ್ಮೂರಲ್ಲೂ ಹಾಡುತ್ತಾರೆ ಅಂತ ನೀವೇ ಬರೆದಿದ್ದೀರಿ. ಈ ಸಲ ಪೀರು ಕೂತಾಗ ಹೋಗಿ ಕೂತುಕೊಳ್ಳಿ. ಖಾಸೀಮನ ಪದ ಇದ್ದರೆ ಪೂರ್ತಿ ಬರೆದು ಕಳಿಸಿ, ಹಾಡಿದವರ ಹೆಸರನ್ನು ಅವರನ್ನೇ ಕೇಳಿ ಬರೆಯಿರಿ. ಮೊದಲ ಪುಟ ಖಾಲಿ ಇಟ್ಟಿರುತ್ತೇನೆ.

– ಸಂಪಾದಕ, ಕಲಬುರಗಿ