ಡ್ರೋನಿನ ಬ್ಯಾಟರಿ ಇಮ್ಮಡಿಯಾದರೆ ಹಾರಾಟವೂ ಇಮ್ಮಡಿಯಾಗುವುದೇ?

ಆಗುವುದಿಲ್ಲ. 450 ಮಿ.ಮೀ. ಫ್ರೇಮಿನ (ಇದು ಕರ್ಣದಲ್ಲಿ ಎದುರುಬದುರಾದ ಮೋಟಾರುಗಳ ನಡುವಿನ ಅಂತರ) ನಿಮ್ಮ ಕ್ವಾಡ್‌ಕಾಪ್ಟರ್, ಅಂದರೆ ನಾಲ್ಕು ಪ್ರೊಪೆಲ್ಲರ್‌ಗಳ ಡ್ರೋನ್, 1.5 ಕೆ.ಜಿ. ತೂಗುತ್ತದೆ, ಅದರಲ್ಲಿ ಅರ್ಧ ಕೆ.ಜಿ. ಬ್ಯಾಟರಿಯದು ಎಂದು ಬರೆದಿದ್ದೀರಿ. ಗಾಳಿಯಲ್ಲಿ ಒಂದೆಡೆ ನಿಲ್ಲಲು ಬೇಕಾದ ಶಕ್ತಿಯು ತೂಕದ 1.5 ಘಾತಕ್ಕೆ ಅನುಗುಣವಾಗಿ ಏರುವುದರಿಂದ, ಅಂಥದೇ ಇನ್ನೊಂದು ಬ್ಯಾಟರಿ ಕಟ್ಟಿದರೆ ವಿದ್ಯುತ್ ಬಳಕೆ ಶೇ. 54ರಷ್ಟು ಹೆಚ್ಚಿ, ಹಾರಾಟದ ಸಮಯ ಶೇ. 30ರಷ್ಟು ಮಾತ್ರ ಹೆಚ್ಚುತ್ತದೆ. ನಾಲ್ಕು ಬ್ಯಾಟರಿಗಳನ್ನು ಹೊರಿಸಿದರೂ ಲಾಭ ಶೇ. 41ಕ್ಕೆ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಅಷ್ಟು ಭಾರವನ್ನು ನಿಮ್ಮ ಮೋಟಾರುಗಳು ಎತ್ತುವುದೂ ಅನುಮಾನವೇ. ಒಟ್ಟು ತೂಕ 2 ಕೆ.ಜಿ. ಮೀರಿದರೆ 2021ರ ಡ್ರೋನ್ ನಿಯಮಗಳಂತೆ ಅದು ಮೈಕ್ರೋ ವರ್ಗದಿಂದ ಸ್ಮಾಲ್ ವರ್ಗಕ್ಕೆ ಹೋಗುತ್ತದೆ ಎಂಬುದೂ ನೆನಪಿರಲಿ.

ನಾನಾದರೆ ಮೊದಲು ಪ್ರೊಪೆಲ್ಲರ್‌ಗೆ ಹಣ ಹಾಕುತ್ತೇನೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ಕೆಳಕ್ಕೆ ತಳ್ಳಿದರೆ ಅಷ್ಟೇ ಎತ್ತುಬಲಕ್ಕೆ ಕಡಿಮೆ ಶಕ್ತಿ ಸಾಕು: 1.5 ಕೆ.ಜಿ.ಯನ್ನು ನಿಲ್ಲಿಸಲು 10 ಇಂಚಿನ ನಾಲ್ಕು ಪ್ರೊಪೆಲ್ಲರ್‌ಗಳಿಗೆ ಸೈದ್ಧಾಂತಿಕವಾಗಿ ಸುಮಾರು 80 ವ್ಯಾಟ್ ಬೇಕಾದರೆ, 13 ಇಂಚಿನವಕ್ಕೆ 62 ವ್ಯಾಟ್ ಸಾಕು. ಪ್ರೊಪೆಲ್ಲರ್, ಮೋಟಾರು, ಇಎಸ್‌ಸಿಗಳ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್‌ಗಳ) ನಷ್ಟ ಸೇರಿದರೆ ನಿಜವಾದ ಬಳಕೆ ಇದರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಆದರೆ ಅನುಪಾತ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ತೊಡಕೆಂದರೆ, ನಿಮ್ಮ ಫ್ರೇಮಿನಲ್ಲಿ ಅಕ್ಕಪಕ್ಕದ ಮೋಟಾರುಗಳ ನಡುವೆ ಇರುವ ಅಂತರವೇ ಸುಮಾರು 12.5 ಇಂಚು. ಆದ್ದರಿಂದ 500 ಮಿ.ಮೀ.ಗೂ ದೊಡ್ಡದಾದ ಹಗುರ ಕಾರ್ಬನ್ ಫೈಬರ್ ಫ್ರೇಮ್ ಬೇಕು, ಜೊತೆಗೆ ಕಡಿಮೆ ಕೆವಿಯ (ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಳತೆ) ಮೋಟಾರುಗಳೂ ಬೇಕು. ಹಳೆಯ ಮೋಟಾರಿಗೇ ದೊಡ್ಡ ಪ್ರೊಪೆಲ್ಲರ್ ಹಾಕಿದರೆ ಅದು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ.

ಬಳಕೆ ಹೀಗೆ ತಗ್ಗಿದ ಮೇಲೆ ಡ್ರೋನ್‌ಗಳಲ್ಲಿ ಸಾಮಾನ್ಯವಾದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಬದಲು 21700 ಅಳತೆಯ (21 ಮಿ.ಮೀ. ವ್ಯಾಸ, 70 ಮಿ.ಮೀ. ಉದ್ದ) ಲಿಥಿಯಂ-ಅಯಾನ್ ಸೆಲ್‌ಗಳನ್ನು ಯೋಚಿಸಬಹುದು. ಅವು ಅಷ್ಟೇ ತೂಕದಲ್ಲಿ ಹೆಚ್ಚು ಶಕ್ತಿ ಹಿಡಿದಿಟ್ಟುಕೊಳ್ಳುತ್ತವೆ, ಆದರೆ ಲಿಪೋ ಕೊಡುವಷ್ಟು ಕರೆಂಟನ್ನು ಒಮ್ಮೆಗೇ ಕೊಡಲಾರವು. ರೇಸಿಂಗ್‌ಗೆ ಅವು ಬೇಡ, ದೂರದ ಸಾವಧಾನದ ಹಾರಾಟಕ್ಕೆ ಒಪ್ಪುತ್ತವೆ.

ಹೆಚ್ಚು ಹೊತ್ತು ಹಾರುವುದೂ ಹೆಚ್ಚು ದೂರ ಹೋಗುವುದೂ ಬೇರೆ ಬೇರೆ ಗುರಿಗಳು. ಮುಂದಕ್ಕೆ ಚಲಿಸುವಾಗ ಪ್ರೊಪೆಲ್ಲರ್‌ಗಳಿಗೆ ಹೊಸ ಗಾಳಿ ಸಿಗುವುದರಿಂದ ಬಳಕೆ ಮೊದಲು ಇಳಿದು, ವೇಗ ಇನ್ನೂ ಹೆಚ್ಚಿದಾಗ ಗಾಳಿಯ ಪ್ರತಿರೋಧದಿಂದ ಮತ್ತೆ ಏರುತ್ತದೆ. ಅತಿ ಹೆಚ್ಚು ದೂರ ಕೊಡುವ ವೇಗವು ಅತಿ ಕಡಿಮೆ ಬಳಕೆಯ ವೇಗಕ್ಕಿಂತ ಮೇಲಿರುತ್ತದೆ. ಗಾಳಿ ಇಲ್ಲದ ಬೆಳಗ್ಗೆ ಬೇರೆ ಬೇರೆ ಸ್ಥಿರ ವೇಗಗಳಲ್ಲಿ ಹಾರಿಸಿ, ಲಾಗ್‌ನಲ್ಲಿರುವ (ಡ್ರೋನ್ ಇಡುವ ಹಾರಾಟದ ದಾಖಲೆಯಲ್ಲಿರುವ) ವ್ಯಾಟ್‌ಗಳನ್ನು ಗಂಟೆಗೆ ಕಿ.ಮೀ. ಲೆಕ್ಕದ ವೇಗದಿಂದ ಭಾಗಿಸಿ. ಉತ್ತರ ಅತಿ ಚಿಕ್ಕದಾಗಿರುವ ವೇಗವನ್ನೇ ಬಳಸಿ; ಎದುರುಗಾಳಿ ಇದ್ದ ದಿನ ಅದಕ್ಕಿಂತ ತುಸು ಹೆಚ್ಚಿಸಿ.